ಸ್ಕ್ರೂ ತಿರುಗಿಸಿದರೆ ಹೊಗೆ ಸರಿಹೋಗುತ್ತದಾ?

ಪ್ರಶ್ನೆ: ನನ್ನದು 2012ರ ಸ್ಕೂಟರ್. ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 5.2 ಬಂದು ಫೇಲ್ ಆಯಿತು. ‘ಕಾರ್ಬೊರೇಟರ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಪಾಸ್’ ಎಂದು ಒಬ್ಬರು ಹೇಳಿದರು. ಅಷ್ಟು ಸಾಕಾ? ಮೈಲೇಜ್ ಕೂಡ ಬಿದ್ದಿದೆ.
– ಶಾಲಾ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಟೀಚರೇ, ಕಾರ್ಬೊರೇಟರ್ ಅಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ. ಅದರ ಸ್ಕ್ರೂ ಈಗಲೇ ಮುಟ್ಟಲು ಬಿಡಬೇಡಿ. ಅದು ಕೊನೆಯ ಕೆಲಸ.

ನಿಮ್ಮ ಫೋರ್ ಸ್ಟ್ರೋಕ್ ಸ್ಕೂಟರಿಗೆ ಮಿತಿ ಶೇ. 3.5. ನಿಮ್ಮದು 5.2 ಬಂದಿದೆ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಅಷ್ಟು ಸಿಗದಿದ್ದರೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಗೆ ಬರುತ್ತದೆ. ಮೈಲೇಜ್ ಬಿದ್ದದ್ದೂ ಅದಕ್ಕೇ ಇರಬೇಕು.

ಮೊದಲು ಏರ್ ಫಿಲ್ಟರ್ ತೆಗೆಸಿ ನೋಡಿ. ನಮ್ಮ ಸಂತೆಕಟ್ಟೆ ಗ್ಯಾರೇಜಿಗೆ ಬರುವ ಹಳೇ ಸ್ಕೂಟರ್‌ಗಳಲ್ಲಿ ಕೆಂಪು ಮಣ್ಣಿನ ಧೂಳು ಫಿಲ್ಟರಿನ ಮಡಿಕೆ ಮಡಿಕೆಯಲ್ಲೂ ಕೂತಿರುತ್ತದೆ. ಮಳೆಗಾಲದ ತೇವ ಸೇರಿದರೆ ಅದು ಕೆಸರಾಗಿ ಅಂಟಿಕೊಳ್ಳುತ್ತದೆ. ಎಣ್ಣೆ ಹಚ್ಚಿದ ಪೇಪರ್ ಫಿಲ್ಟರನ್ನು ತೊಳೆಯಬಾರದು, ಗಾಳಿಯೂ ಹೊಡೆಯಬಾರದು. ಹೊಸದು ಹಾಕಿಸಿ.

ಆಮೇಲೆ ಚೋಕ್, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಪೆಟ್ರೋಲಿನ ಪಾಲು ಹೆಚ್ಚಿಸುವ ಭಾಗ. ಕೈಯಿಂದ ಎಳೆಯುವ ಚೋಕ್ ಇದ್ದರೆ ಅದರ ಕೇಬಲ್ ನೋಡಿ. ಕಡಲ ಗಾಳಿಗೆ ತುಕ್ಕು ಹಿಡಿದು ಕೇಬಲ್ ಪೂರ್ತಿ ಹಿಂದೆ ಹೋಗುವುದಿಲ್ಲ. ಲಿವರ್ ಆಫ್ ಆದಂತೆ ಕಾಣುತ್ತದೆ, ಒಳಗೆ ಚೋಕ್ ಅರ್ಧ ಆನ್ ಆಗಿಯೇ ಇರುತ್ತದೆ. ದಿನವಿಡೀ ಸುಮ್ನೆ ಪೆಟ್ರೋಲ್ ಹೋಗುತ್ತಿರುತ್ತದೆ!

ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಉರಿಯುತ್ತಿದೆ, ಆಗ ಹೊಗೆಯೂ ನೀಲಿಯಾಗಿರುತ್ತದೆ. ಅದು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ, ಟ್ಯೂನಿಂಗ್‌ನಿಂದ ಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಹೊಗೆ ಅಳೆಯುವ ಮೀಟರ್ ನೋಡಿಕೊಂಡೇ ತಿರುಗಿಸಬೇಕು. ಸುಮ್ಮನೆ ಪಾಸಾಗಲಿ ಎಂದು ಪೆಟ್ರೋಲ್ ತೀರಾ ಕಡಿಮೆ ಮಾಡಿದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಆಗ ಉರಿಯದ ಪೆಟ್ರೋಲ್ ಹಾಗೇ ಹೊರಗೆ ಬಂದು ಹೈಡ್ರೋಕಾರ್ಬನ್ ಏರುತ್ತದೆ. ಅದಕ್ಕೂ 4500 ಪಿಪಿಎಂ (ಹತ್ತು ಲಕ್ಷದಲ್ಲಿ 4500 ಭಾಗ) ಮಿತಿ ಇದೆ. ಎಂಜಿನ್ನೂ ಅತಿಯಾಗಿ ಬಿಸಿಯಾಗುತ್ತದೆ. ಎಷ್ಟೋ ಜನ ಟೆಸ್ಟ್ ಮುಗಿದ ಮೇಲೆ ಸ್ಕ್ರೂ ಮತ್ತೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ. ಶಾಲೆ ಬಿಡುವಾಗ ಗೇಟಿನ ಹತ್ತಿರ ಎಷ್ಟು ಸ್ಕೂಟರ್ ಆನ್ ಆಗಿಯೇ ನಿಂತಿರುತ್ತವೆ, ನೀವೇ ನೋಡಿರುತ್ತೀರಿ ಅಲ್ವಾ? ಸೈಲೆನ್ಸರಿನ ಬಾಯಿ ನಮಗಿಂತ ಮಕ್ಕಳ ಮೂಗಿಗೆ ಹತ್ತಿರ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಬಿಡುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಿತಿಯ ಹೊಸ ಮಾನದಂಡದ) ಸ್ಕೂಟರ್‌ಗಳಿಗೆ ಈ ಸ್ಕ್ರೂ ಕತೆ ಇಲ್ಲ. ಅಲ್ಲಿ ಪೆಟ್ರೋಲಿನ ಲೆಕ್ಕ ಸೆನ್ಸರ್ ನೋಡಿಕೊಳ್ಳುತ್ತದೆ. ಆದರೆ ಫಿಲ್ಟರ್, ಪ್ಲಗ್ ಅವಕ್ಕೂ ಬೇಕೇ ಬೇಕು.

ಮತ್ತೆ ಟೆಸ್ಟಿಗೆ ಹೋಗುವಾಗ ಐದಾರು ಕಿಲೋಮೀಟರ್ ಓಡಿಸಿಕೊಂಡು ಹೋಗಿ, ತಣ್ಣಗಿನ ಎಂಜಿನ್ ರೀಡಿಂಗ್ ಏರಿಸುತ್ತದೆ. ನಿಮ್ಮ ಗಾಡಿಗೆ ಸರ್ಟಿಫಿಕೇಟ್ ಆರು ತಿಂಗಳಿಗೊಮ್ಮೆ. ಹಳೇ ಚೀಟಿಗಳನ್ನು ಎಸೆಯಬೇಡಿ. ಪಾಸ್ ಆದರೂ ಅಂಕಿ ಪ್ರತಿ ಸಲ ಏರುತ್ತಿದ್ದರೆ ಗಾಡಿ ತಂದು ತೋರಿಸಿ.