ಗ್ರೈಂಡರ್ ಪುಕ್ಕಟೆ ಬಂದರೂ ಅದು ಜಾಹೀರಾತೇ

ನಮಸ್ಕಾರ ಮೇಡಂ. 24,000 ರೂಪಾಯಿಯ ಗ್ರೈಂಡರ್ ಪುಕ್ಕಟೆ ಕೊಡುತ್ತೇವೆ, ನಿಮ್ಮ ಅಡುಗೆ ಪುಟದಲ್ಲಿ ಬರೆಯಿರಿ, ಆದರೆ ಜಾಹೀರಾತು ಅಂತ ಹಾಕಬೇಡಿ ಅಂತ ಒಂದು ಕಂಪನಿಯವರು ಅಂದಿದ್ದಾರೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಆ ಕೊನೆಯ ಷರತ್ತಿಗೆ ಖಂಡಿತ ಒಪ್ಪಬೇಡಿ.

ಕೈಗೆ ದುಡ್ಡು ಬರದಿದ್ದರೂ, ಪುಕ್ಕಟೆ ವಸ್ತು ಪಡೆದು ಬರೆದರೆ ಅದನ್ನು ಓದುವವರಿಗೆ ಹೇಳಲೇಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಇದನ್ನು ಸ್ಪಷ್ಟ ಮಾಡಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಕಂಪನಿಗೆ ಮಾತ್ರ ಅಲ್ಲ, ಹೊಗಳಿದವರಿಗೂ ಬೀಳಬಹುದು. ಹತ್ತಾರು ಹ್ಯಾಶ್‌ಟ್ಯಾಗ್‌ಗಳ ನಡುವೆ ಸುಮ್ನೆ ಅಡಗಿಸಿಟ್ಟರೆ ಸಾಲದು. ಮೊದಲ ಸಾಲಿನಲ್ಲೇ ‘ಜಾಹೀರಾತು’ ಅಂತ ಬರೆದುಬಿಡಿ. ನಿಮ್ಮನ್ನು ನಂಬಿ ದುಡ್ಡು ಹಾಕುವವರು ಓದುಗರೇ ಅಲ್ವಾ?

ಇನ್ನು ತೆರಿಗೆ. ಒಂದು ವರ್ಷದಲ್ಲಿ ಕೊಟ್ಟ ವಸ್ತುಗಳ ಬೆಲೆ 20,000ಕ್ಕಿಂತ ಜಾಸ್ತಿಯಾದರೆ ಕಂಪನಿ ಶೇ 10ರಷ್ಟು ಟಿಡಿಎಸ್ (ಕೊಡುವ ಹಂತದಲ್ಲೇ ಸರ್ಕಾರಕ್ಕೆ ಕಟ್ಟುವ ತೆರಿಗೆ) ನೋಡಿಕೊಳ್ಳಬೇಕು. 2022ರ ಜುಲೈನಿಂದ ಈ ನಿಯಮ ಬಂದಿದೆ. ಬಳಸಿ ವಾಪಸ್ ಕೊಟ್ಟರೆ ಇದು ಅನ್ವಯಿಸುವುದಿಲ್ಲ. ಇಟ್ಟುಕೊಂಡರೆ ಅದರ ಬೆಲೆ ನಿಮ್ಮ ಆದಾಯಕ್ಕೆ ಸೇರುತ್ತದೆ. ಹಾಗಾಗಿ ಆ ಟಿಡಿಎಸ್ ಯಾರ ಕೈಯಿಂದ ಹೋಗುತ್ತದೆ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಸಾಲದು.

ಬರೆಯುವ ಮುಂಚೆ ಒಂದು ತಿಂಗಳು ಉದ್ದಿನ ಬೇಳೆ ರುಬ್ಬಿ ನೋಡಿ. ಹಿಟ್ಟು ಬಿಸಿಯಾದರೆ ಹಾಗೇ ಬರೆಯುತ್ತೇನೆ, ಪರವಾಗಿಲ್ವಾ ಅಂತ ಕಂಪನಿಯವರನ್ನು ಈಗಲೇ ಕೇಳಿಬಿಡಿ.