ಕ್ಷಮೆ ಅವರಿಗೆ ಬಿಟ್ಟದ್ದು, ವೇದಿಕೆ ನಿಮಗೆ ಬಿಟ್ಟದ್ದು

ಪ್ರಶ್ನೆ: ನಮ್ಮ ಸ್ಪೋರ್ಟ್ಸ್ ಕ್ಲಬ್ಬಿನ ಹಾಕಿ ಟೂರ್ನಿಗೆ ಹೆಸರಾಂತ ಮಾಜಿ ಆಟಗಾರರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯಬೇಕೆಂದು ಹಿರಿಯರ ಒತ್ತಾಯ. ಹಿಂದೆ ಅವರು ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ ಯುವತಿಗೆ ಅಶ್ಲೀಲ ಮೆಸೇಜ್ ಕಳಿಸುತ್ತಿದ್ದರು, ಒಪ್ಪಿಕೊಂಡೂ ಇದ್ದಾರೆ. ‘ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ’ ಎಂದು ಫೇಸ್‌ಬುಕ್‌ನಲ್ಲಿ ಹಾಕಿದ್ದಾರೆ. ದೊಡ್ಡ ಮನಸ್ಸು ಮಾಡಬಾರದೇ?
— ಕಾರ್ಯದರ್ಶಿ, ಗೋಣಿಕೊಪ್ಪಲು

ಉತ್ತರ: ದೊಡ್ಡ ಮನಸ್ಸು ಮಾಡಬೇಕಾದವರು ಆ ಯುವತಿ. ಆಕೆಯ ಪರವಾಗಿ ಕ್ಲಬ್ಬು ಠರಾವು ಪಾಸು ಮಾಡಿ ಕ್ಷಮಿಸಲು ಬರುವುದಿಲ್ಲ. ಹಾರ ಹಾಕಿ ವೇದಿಕೆ ಮೇಲೆ ಕೂರಿಸಬೇಕೋ ಬೇಡವೋ ಎನ್ನುವುದಷ್ಟೇ ನಿಮ್ಮ ಕೈಯಲ್ಲಿರುವುದು. ಆಕೆ ಕ್ಷಮಿಸಿದರೂ ನೀವು ಕರೆಯದಿರಬಹುದು.

ಆ ಫೇಸ್‌ಬುಕ್ ಸಾಲನ್ನು ಇನ್ನೊಮ್ಮೆ ಓದಿ. ಏನು ಮಾಡಿದೆ, ಯಾವ ಹುದ್ದೆಯಲ್ಲಿದ್ದು ಮಾಡಿದೆ, ಇನ್ನು ಮುಂದೆ ಯಾವುದರಿಂದ ದೂರ ಇರುತ್ತೇನೆ, ಈ ಮೂರರಲ್ಲಿ ಒಂದೂ ಅದರಲ್ಲಿಲ್ಲ. ಅದು ಊರಿನವರಿಗಾಗಿ ಬರೆದದ್ದು. ನಿಜವಾದ ಕ್ಷಮಾಪಣೆಯಾದರೆ ಆಕೆಯ ಹೆಸರು ಎಲ್ಲೂ ಹೊರಬೀಳದಂತೆ, ಆಕೆ ನಂಬುವ ಒಬ್ಬರ ಮೂಲಕ ‘ಒಂದು ಪತ್ರ ಕೊಡಬಹುದೇ’ ಎಂದು ಕೇಳಬೇಕು. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ನಾಲ್ಕು ಜನ ಹಿರಿಯರು ಜೀಪು ಹತ್ತಿ ಮನೆಗೆ ಹೋಗುವುದಂತೂ ಖಂಡಿತ ಬೇಡ.

ಸಾಮಾನ್ಯವಾಗಿ ಎಡವಟ್ಟಾಗುವುದೇ ಇಲ್ಲಿ. ಸಮಿತಿಯವರು ಆಕೆಯಿಂದ ‘ಅಭ್ಯಂತರವಿಲ್ಲ’ ಅನ್ನಿಸಿಕೊಂಡು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಆಕೆಯ ಅಪ್ಪ ಕಾಫಿ ಹಾಕುವುದು ಅದೇ ಸಮಿತಿ ಸದಸ್ಯರ ಗೋಡೌನಿಗೆ ಎಂದಾದರೆ ಆ ಒಪ್ಪಿಗೆಗೆ ಏನು ಬೆಲೆ? ಕೇಳಲೇಬೇಕೆಂದಿದ್ದರೆ ಒಬ್ಬ ಮಹಿಳಾ ಸದಸ್ಯೆ, ಒಂದೇ ಸಲ, ಖಾಸಗಿಯಾಗಿ ಕೇಳಲಿ. ತೀರ್ಮಾನ ಮಾತ್ರ ಸಮಿತಿಯ ಹೆಸರಿನಲ್ಲೇ ಇರಲಿ.

ನಮ್ಮ ಅಭಿಪ್ರಾಯ: ಈ ವರ್ಷ ಕರೆಯಬೇಡಿ. ಅವರು ಟಿಕೆಟ್ ತೆಗೆದುಕೊಂಡು ಗ್ಯಾಲರಿಯಲ್ಲಿ ಕೂತು ಆಟ ನೋಡಲಿ. ಹುಡುಗಿಯರ ತಂಡದ ತರಬೇತಿ, ಬಹುಮಾನ ವಿತರಣೆ, ಕ್ಲಬ್ಬಿನ ವಾಟ್ಸಾಪ್ ಗ್ರೂಪು ಇವುಗಳಿಂದ ದೂರ ಇರಲಿ. ಹಾಗೆಯೇ ನಿಮಗೂ ಒಂದು ಮಾತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಪಂದ್ಯ ನಡೆಯುವ ಜಾಗ ಎಲ್ಲವೂ ‘ಕೆಲಸದ ಸ್ಥಳ’ವೇ. 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ನಿಮ್ಮಲ್ಲಿ ಇದೆಯೇ?

ಪ್ರಶ್ನೆ: ನಮ್ಮ ಕಾಫಿ ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಊರಿಗೆ ದೊಡ್ಡ ಮನುಷ್ಯ, ಪಂಚಾಯ್ತಿ ಮೆಂಬರ್ ಕೂಡ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಅಕ್ಕ ಒಬ್ಬರ ಮೈಮೇಲೆ ಕೈ ಹಾಕಿದರು. ಈಗ ದುಡ್ಡು ಕೊಟ್ಟು ಕ್ಷಮೆ ಕೇಳಿ ಮುಗಿಸೋಣ ಅಂತ ಹೇಳಿ ಕಳಿಸಿದ್ದಾರೆ. ಅಕ್ಕನಿಗೆ ಓದು ಬರಹ ಬರುವುದಿಲ್ಲ.
— ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ದುಡ್ಡು ಮುಟ್ಟಬೇಡಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲೂಬೇಡಿ. ಸಂಧಾನಕ್ಕೆ ಮೇಲೆ ಹೇಳಿದ 2013ರ ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಅದನ್ನು ಆ ಅಕ್ಕನೇ ಕೇಳಬೇಕು, ದೂರು ವಿಚಾರಿಸುವ ಸಮಿತಿಯ ಮೂಲಕವೇ ಆಗಬೇಕು, ಹಣ ಅದಕ್ಕೆ ಆಧಾರವಾಗಿರಬಾರದು.

ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಹೋಗಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವ ಹೊಣೆ ಸಮಿತಿಯದ್ದೇ. ತೋಟದಲ್ಲಿ 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ಅದಕ್ಕಾಗಿ ಮಡಿಕೇರಿಗೆ ಬಸ್ಸು ಹತ್ತಬೇಕಿಲ್ಲ, ತಾಲ್ಲೂಕಿನ ನೋಡಲ್ ಅಧಿಕಾರಿ ದೂರು ಪಡೆದು 7 ದಿನದೊಳಗೆ ಕಳಿಸಬೇಕು. ದಿನಾಂಕ, ತೋಟದ ಯಾವ ಬ್ಲಾಕು, ಪಕ್ಕದಲ್ಲಿ ಯಾರು ಕೆಲಸ ಮಾಡುತ್ತಿದ್ದರು, ಯಾರಿಗೆ ಮೊದಲು ಹೇಳಿದರು, ಇಷ್ಟನ್ನು ಇವತ್ತೇ ಬರೆದಿಡಿ. ಆ ದಿನದ ಹಾಜರಿ ಪುಸ್ತಕ ಒಳ್ಳೆಯ ಸಾಕ್ಷಿ, ಆದರೆ ಅದು ಇರುವುದು ಆ ರೈಟರ್ ಕೈಯಲ್ಲೇ ಎಂಬುದನ್ನು ಮರೆಯಬೇಡಿ. ಸಿಕ್ಕರೆ ಮೊದಲು ಅದರ ಫೋಟೊ ತೆಗೆದುಕೊಳ್ಳಿ.

ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಬೇರೆ ಕಡೆ ಕೆಲಸ, ಅಥವಾ 3 ತಿಂಗಳವರೆಗೆ ರಜೆ ಕೇಳಬಹುದು. ಮೈಮೇಲೆ ಕೈ ಹಾಕಿದ್ದು ಅಪರಾಧವೂ ಹೌದು, ಪೊಲೀಸ್ ಠಾಣೆಗೂ ಹೋಗಬಹುದು. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ಈ ಹೆದರಿಕೆ ಹಾಕುವವರು ಬೇಕಾದಷ್ಟು ಜನ ಇರುತ್ತಾರೆ.

ಪ್ರಶ್ನೆ: ಲೈಂಗಿಕ ಕಿರುಕುಳಕ್ಕೆ ಒಳಗಾದ ಹುಡುಗಿಗೆ 18 ತುಂಬಿಲ್ಲ. ಮನೆಯವರೇ ಕ್ಷಮಿಸಿದರೆ?
— ವಿರಾಜಪೇಟೆ

ಉತ್ತರ: ಕೇಸು ಮುಗಿಯುವುದಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಇಂಥದೇ ಪ್ರಕರಣವನ್ನು ಹೈಕೋರ್ಟ್ ರಾಜಿಯ ಮೇಲೆ ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕಾರ ವಿಷಯ ಗೊತ್ತಿದ್ದೂ ತಿಳಿಸದವರಿಗೆ 6 ತಿಂಗಳವರೆಗೆ ಜೈಲಾಗಬಹುದು. ರಾಜಿ ಮಾಡಿಸಲು ಕೂತವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಇಂಥ ಆರೋಪ ಹೊತ್ತವರು ರಾಜಕಾರಣಿಯಾದರೆ ಜನ ಓಟು ಹಾಕಿ ಕ್ಷಮಿಸಿದ ಹಾಗಲ್ಲವೇ?
— ಕುಶಾಲನಗರ

ಉತ್ತರ: ಓಟು ಹಾಕುವವರು ರಸ್ತೆ, ಆನೆ ಹಾವಳಿ, ಜಾತಿ, ಪಕ್ಷ ಎಲ್ಲ ನೋಡಿ ಹಾಕುತ್ತಾರೆ. ಅದನ್ನು ಕ್ಷಮೆ ಎಂದು ಲೆಕ್ಕ ಹಿಡಿಯುವುದು ಗೆದ್ದವರು ಮಾತ್ರ. ಅತ್ಯಾಚಾರದ ಪ್ರಕರಣದಲ್ಲಿ ಜೈಲು ಶಿಕ್ಷೆಯಾದರೆ ಬಿಡುಗಡೆಯಾದ ಮೇಲೂ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಬಾಕಿ ಇರುವ ಕೇಸುಗಳ ವಿವರ ಶಾಸಕ, ಸಂಸದ ಸ್ಥಾನಕ್ಕೆ ನಿಲ್ಲುವವರ ನಮೂನೆ 26ರ ಪ್ರಮಾಣಪತ್ರದಲ್ಲಿ ಇರಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆಸ್ತಿ ವಿವರದ ಪುಟವನ್ನೇ ಎಲ್ಲರೂ ನೋಡುತ್ತಾರೆ. ಕೇಸಿನ ಪುಟವನ್ನೂ ತೆರೆದು ನೋಡಿ.