ಎರಡು ವರ್ಷದ ನಂತರ ಮತ್ತೆ ಕ್ಲಾಸಿಗೆ

ಅಮೆರಿಕದ ಯೂಟಾ ರಾಜ್ಯದ ಪ್ರೊವೊದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ಕೆಲಸ ಅವರದು. ಪತ್ರದ ಸಾರ ಹೀಗಿದೆ:

‘ನನ್ನ ಹತ್ತಿರ ಬರುವ ಹುಡುಗನೊಬ್ಬ ಮಾರ್ಮನ್ ಕುಟುಂಬದವನು. ಮೊದಲ ವರ್ಷ ಮುಗಿಸಿ, ಓದು ನಿಲ್ಲಿಸಿ, ಎರಡು ವರ್ಷ ಫಿಲಿಪ್ಪೀನ್ಸ್‌ನಲ್ಲಿ ಮಿಷನ್ ಸೇವೆ ಮಾಡಿ ಬಂದಿದ್ದಾನೆ. ಸೆಬುವಾನೊ ಭಾಷೆಯನ್ನು ಸಲೀಸಾಗಿ ಮಾತಾಡುತ್ತಾನೆ. ಬಂದವನೇ ಒಂದು ಸೆಮಿಸ್ಟರ್‌ಗೆ ಹದಿನೆಂಟು ಕ್ರೆಡಿಟ್‌ಗೆ ಹೆಸರು ಕೊಟ್ಟ (ಕ್ರೆಡಿಟ್ ಅಂದರೆ ಓದಿನ ಹೊರೆಯ ಅಳತೆ). ಕ್ಯಾಲ್ಕುಲಸ್ ಎರಡನೇ ಭಾಗದ ಮೊದಲ ಪರೀಕ್ಷೆಯಲ್ಲೇ ಫೇಲಾದ. “ಅಲ್ಲಿ ದಿನಾ ಯಾರಿಗಾದರೂ ಬೇಕಾಗಿದ್ದೆ, ಇಲ್ಲಿ ಯಾರಿಗೂ ಬೇಕಿಲ್ಲ” ಅಂತ ಕಣ್ಣೀರು ಹಾಕಿದ. ಎರಡು ವರ್ಷ ಹಿಂದೆ ಬಿದ್ದಿದ್ದೀಯಾ, ಬೇಗ ಮುಗಿಸು ಅಂತ ಮನೆಯವರ ಒತ್ತಾಯ. ಅವನಿಗೆ ನಾನು ಏನು ಹೇಳಲಿ? ಆ ಎರಡು ವರ್ಷ ನಿಜಕ್ಕೂ ಹಾಳಾಯಿತಾ? ಹೊಸ ಮಿಷನರಿಗಳಿಗೆ ಭಾಷೆ ಕಲಿಸುವ ಕೆಲಸಕ್ಕೆ ಸೇರಲಾ ಅಂತಲೂ ಕೇಳುತ್ತಿದ್ದಾನೆ.’

ಆ ಹುಡುಗನಿಗೆ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಏನನ್ನೂ ಸರಿದೂಗಿಸಲು ಹೋಗಬೇಡ, ಹೊರೆ ಇಳಿಸು ಅನ್ನಿ. ಪರೀಕ್ಷೆಯಲ್ಲಿ ಫೇಲಾದದ್ದು ಸಣ್ಣ ವಿಷಯ. ಅವನು ಕಣ್ಣೀರು ಹಾಕಿ ಆಡಿದ ಮಾತು ದೊಡ್ಡದು. ಗಣಿತಕ್ಕೆ ಆಮೇಲೆ ಬರೋಣ.

ಉಳಿದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. 1830ರಲ್ಲಿ ಶುರುವಾದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತ ಸಭೆಯವರನ್ನೇ ಮಾರ್ಮನ್ನರು ಅನ್ನುವುದು. ಆ ಮನೆಗಳಲ್ಲಿ ಮಕ್ಕಳು ಮಿಷನ್, ಅಂದರೆ ಮನೆ ಬಿಟ್ಟು ಹೋಗಿ ಮಾಡುವ ಮತಪ್ರಚಾರ ಸೇವೆಯ ಮಾತು ಕೇಳುತ್ತಲೇ ಬೆಳೆಯುತ್ತಾರೆ. ಹುಡುಗರಿಗೆ ಇಪ್ಪತ್ತನಾಲ್ಕು ತಿಂಗಳು, ಹುಡುಗಿಯರಿಗೆ ಹದಿನೆಂಟು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸಭೆ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲೂ 1993ರಿಂದ ಇವರ ಮಿಷನ್ ಇದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಜೋಡಿಯಾಗಿ ನಡೆಯುವ ಹುಡುಗರನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಇದು ಸಂಬಳದ ಕೆಲಸ ಅಲ್ಲ. ಅಮೆರಿಕದ ಮಿಷನರಿಗಳೇ ತಿಂಗಳಿಗೆ ಹಣ ಕಟ್ಟುತ್ತಾರೆ. 2020ರ ಜುಲೈನಲ್ಲಿ ಆ ಮೊತ್ತ 400 ಡಾಲರ್‌ನಿಂದ 500ಕ್ಕೆ ಏರಿತು. ಆ ಲೆಕ್ಕದಲ್ಲಿ ಎರಡು ವರ್ಷಕ್ಕೆ 12,000 ಡಾಲರ್. ಎಷ್ಟೋ ಮನೆಗಳಲ್ಲಿ ಚಿಕ್ಕಂದಿನಿಂದ ಕೂಡಿಟ್ಟ ಹಣ ಇದಕ್ಕೇ ಹೋಗುತ್ತದೆ.

ಮತಪ್ರಚಾರದ ಬಗ್ಗೆ ನಮ್ಮ ಓದುಗರಲ್ಲಿ ಹಲವರಿಗೆ ಗಟ್ಟಿ ಅಭಿಪ್ರಾಯಗಳಿವೆ. ಆ ಚರ್ಚೆಗೆ ಇದು ಜಾಗ ಅಲ್ಲ. ನಿಮ್ಮೆದುರು ಕೂತಿರುವುದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ, ಅವನ ಕಷ್ಟ ನಿಜವಾದದ್ದು.

ಅವನು ಹೇಗೆ ಬದುಕಿ ಬಂದ ಅನ್ನುವುದನ್ನು ನೋಡಿ. ಬೆಳಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ಮಲಗುವುದು. ನಡುವಿನ ಪ್ರತಿ ಗಂಟೆಗೂ ಒಂದು ಕೆಲಸ. ಓದು, ಭಾಷೆಯ ಅಭ್ಯಾಸ, ಮನೆ ಮನೆ ಸುತ್ತಾಟ, ಪಾಠ. ಕಂಪ್ಯಾನಿಯನ್ ಅಂತ ಒಬ್ಬ ಜೊತೆಗಾರ ಸದಾ ಪಕ್ಕದಲ್ಲೇ. ಒಂಟಿಯಾಗಿ ಹೊರಗೆ ಹೋಗುವ ಹಾಗಿಲ್ಲ, ಡೇಟಿಂಗ್ ಇಲ್ಲ. ವಾರಕ್ಕೊಮ್ಮೆ ಪಿ-ಡೇ, ಅಂದರೆ ಬಟ್ಟೆ ಒಗೆದುಕೊಂಡು, ಸಾಮಾನು ತಂದುಕೊಂಡು, ಮನೆಗೆ ಮಾತಾಡುವ ದಿನ. ಮನೆಗೆ ವಾರಕ್ಕೊಮ್ಮೆ ಫೋನ್ ಮಾಡಲು ಅನುಮತಿ ಸಿಕ್ಕಿದ್ದೂ 2019ರಲ್ಲಿ. ಅದಕ್ಕೂ ಮೊದಲು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ.

ಆಮೇಲೆ ಒಂದು ದಿನ ವಿಮಾನ ಇಳಿಯುತ್ತಾನೆ. ಸ್ಟೇಕ್ ಅಧ್ಯಕ್ಷರು, ಅಂದರೆ ಆ ಪ್ರದೇಶದ ಸಭೆಗಳ ಮುಖ್ಯಸ್ಥರು, ಅವನನ್ನು ಸೇವೆಯಿಂದ ಬಿಡುಗಡೆ ಮಾಡುತ್ತಾರೆ. ಹೆಸರುಪಟ್ಟಿ ತೆಗೆಯುತ್ತಾನೆ. ಮಿಷನ್‌ನಲ್ಲಿ ‘ಎಲ್ಡರ್’ ಅಂತ ಕರೆಸಿಕೊಳ್ಳುತ್ತಿದ್ದವನು ಮತ್ತೆ ಬರೀ ಹೆಸರಿನ ಹುಡುಗ. ಮರುದಿನ ಬೆಳಗ್ಗೆ ಏನು ಮಾಡಬೇಕು ಅಂತ ಹೇಳುವವರಿಲ್ಲ. ಪಕ್ಕದಲ್ಲಿ ಜೊತೆಗಾರ ಇಲ್ಲ. ಕಾಲೇಜಿನಲ್ಲಿ ದಿನಕ್ಕೆ ಮೂರು ತಾಸು ಕ್ಲಾಸು, ಉಳಿದದ್ದೆಲ್ಲ ಅವನ ಪಾಲಿಗೆ ಬಿಟ್ಟದ್ದು. ಜೊತೆಗೆ ಇನ್ನೊಂದು ವಿಷಯ ಇದೆ, ಅದೇ ಅವನನ್ನು ಜಾಸ್ತಿ ಕಾಡುತ್ತಿದೆ ಅಂತ ನನಗೆ ಅನಿಸುತ್ತದೆ. ಅಲ್ಲಿ ಮಾಡಿದ ಪ್ರತಿ ಕೆಲಸ ಇನ್ನೊಬ್ಬರಿಗಾಗಿ. ಇಲ್ಲಿ ಓದುವುದು, ಅಂಕ ತೆಗೆಯುವುದು, ಎಲ್ಲ ತನಗಾಗಿ. ಇಂಥ ಮನಸ್ಸಿಗೆ ಕ್ಯಾಲ್ಕುಲಸ್ ಸ್ವಾರ್ಥದ ಕೆಲಸದಂತೆ ಕಾಣುತ್ತದೆ. ಹದಿನೆಂಟು ಕ್ರೆಡಿಟ್ ಹೊತ್ತದ್ದು ಕಳೆದ ವರ್ಷಗಳ ಲೆಕ್ಕ ತೀರಿಸಲು ಅಂತ ಮನೆಯವರು ಅಂದುಕೊಂಡಿರಬಹುದು. ಖಾಲಿ ದಿನವನ್ನು ತುಂಬಲು ಅಂತ ನನ್ನ ಅನುಮಾನ.

ಆದ್ದರಿಂದ ಮೊದಲ ಕೆಲಸ, ಹನ್ನೆರಡು ಕ್ರೆಡಿಟ್‌ಗೆ ಇಳಿಸುವುದು. ಪೂರ್ಣಾವಧಿ ವಿದ್ಯಾರ್ಥಿ ಅನಿಸಿಕೊಳ್ಳಲು ಅಷ್ಟು ಸಾಕು. ಆದರೆ ಯಾವ ವಿಷಯವನ್ನೂ ಬಿಡುವ ಮೊದಲು ಅವನು ಹಣಕಾಸು ನೆರವಿನ ಕಚೇರಿಗೆ ಹೋಗಿಬರಬೇಕು. ಕೆಲವು ವಿದ್ಯಾರ್ಥಿವೇತನಗಳು ಹನ್ನೆರಡಕ್ಕಿಂತ ಹೆಚ್ಚು ಕ್ರೆಡಿಟ್ ಕೇಳುತ್ತವೆ. ಮೊದಲ ವರ್ಷ ಸರ್ಕಾರದ ಶಿಕ್ಷಣ ಸಾಲ ತೆಗೆದಿದ್ದರೆ ಇನ್ನೊಂದು ವಿಷಯ ಗಮನಿಸಬೇಕು. ಕಾಲೇಜು ಬಿಟ್ಟ ಮೇಲೆ ಆರು ತಿಂಗಳು ಮಾತ್ರ ಕಂತು ಕಟ್ಟದೆ ಇರಬಹುದು. ಆ ಆರು ತಿಂಗಳು ಮಿಷನ್‌ನಲ್ಲೇ ಕಳೆದಿರುತ್ತದೆ. ಆಗ ಮುಂದೂಡಿಕೆ ಕೇಳಿದ್ದನೋ ಇಲ್ಲವೋ ವಿಚಾರಿಸಲಿ. ಈಗ ಅರ್ಧ ಹೊರೆಯನ್ನಾದರೂ, ಅಂದರೆ ಸಾಮಾನ್ಯವಾಗಿ ಆರು ಕ್ರೆಡಿಟ್, ಇಟ್ಟುಕೊಂಡರೆ ಕಂತು ನಿಂತಿರುತ್ತದೆ. ಆದರೆ ಆ ಹಳೇ ಸಾಲಕ್ಕೆ ಡಿಗ್ರಿ ಮುಗಿದ ಮೇಲೆ ಇನ್ನೊಂದು ಆರು ತಿಂಗಳು ಸಿಗುವುದಿಲ್ಲ. ಸರ್ಕಾರಿ ನೆರವಿನ ಅರ್ಜಿ ಫಾಫ್ಸಾವನ್ನು ಪ್ರತಿ ವರ್ಷವೂ ಹೊಸದಾಗಿ ಹಾಕಬೇಕು. ಎರಡು ವರ್ಷ ಮನೆಯಿಂದ ದೂರ ಇದ್ದರೂ, ಇಪ್ಪತ್ತನಾಲ್ಕು ತುಂಬುವ ತನಕ ಅಥವಾ ಮದುವೆ ಆಗುವ ತನಕ ಸಾಮಾನ್ಯವಾಗಿ ಅಪ್ಪ ಅಮ್ಮನ ಆದಾಯದ ವಿವರ ಕೊಡಲೇಬೇಕು. ಮಿಷನ್ ಮುಗಿಸಿ ಬಂದವರು ಇಲ್ಲೇ ಎಡವುವುದು ಜಾಸ್ತಿ.

ಇನ್ನು ಗಣಿತ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಎರಡು ವರ್ಷ ಬಿಟ್ಟರೂ ಮತ್ತೆ ಹಿಡಿಯಬಹುದು. ಒಂದರ ಮೇಲೊಂದು ಕಟ್ಟುವ ವಿಷಯಗಳು ಹಾಗಲ್ಲ. ಕ್ಯಾಲ್ಕುಲಸ್ ಎರಡರಲ್ಲಿ ಮೊದಲೇ ಎದುರಾಗುವುದು ಇಂಟಿಗ್ರೇಷನ್‌ನ ಬೇರೆ ಬೇರೆ ವಿಧಾನಗಳು. ಅಲ್ಲಿ ಸೋಲುವ ಹುಡುಗ ಹೊಸ ಪಾಠ ಅರ್ಥವಾಗದೆ ಸೋಲುವುದು ಕಡಿಮೆ. ಹಳೇ ತ್ರಿಕೋನಮಿತಿ, ಬೀಜಗಣಿತ ಕೈಗೆ ಬರದೆ ಸೋಲುತ್ತಾನೆ. ಅವನು ಈ ಕೋರ್ಸ್ ಬಿಟ್ಟು ಕ್ಯಾಲ್ಕುಲಸ್ ಮೊದಲ ಭಾಗದ ಕ್ಲಾಸಿನಲ್ಲಿ ಮತ್ತೆ ಕೂರಲಿ. ಅಂಕ ಇಲ್ಲದೆ ಪಾಠ ಕೇಳಲು ಅವಕಾಶ ಇದ್ದರೆ ಇನ್ನೂ ಒಳ್ಳೆಯದು. ಅವಮಾನ ಆಗುತ್ತದೆ ಅನ್ನಬಹುದು. ಹೊಸ ದೇಶದಲ್ಲಿ ಮಗುವಿನಂತೆ ತಪ್ಪು ತಪ್ಪಾಗಿ ಮಾತಾಡುತ್ತಲೇ ಒಂದು ಭಾಷೆ ಕಲಿತವನು ಅವನು, ಅಲ್ವಾ? ಅದನ್ನು ನೆನಪಿಸಿ.

ಅವನು ಓದುತ್ತಿರುವುದು ಪ್ರೊವೊದಲ್ಲಿ ಈ ಸಭೆಯೇ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲೇ ಆಗಿದ್ದರೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಏಪ್ರಿಲ್ ನಂತರ ಸ್ಪ್ರಿಂಗ್, ಸಮ್ಮರ್ ಅಂತ ಎರಡು ಚಿಕ್ಕ ಅವಧಿಗಳು ಬರುತ್ತವೆ. ಕ್ಯಾಲ್ಕುಲಸ್ ಎರಡನೇ ಭಾಗವೊಂದನ್ನೇ ಆಗ ತೆಗೆದುಕೊಂಡು ಪೂರ್ತಿ ಗಮನ ಕೊಡಬಹುದು. ಮುಂದೆ ಮಿಷನ್‌ನಿಂದ ಬರುವ ಯಾರೇ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಸಾಧ್ಯವಾದರೆ ಚಿಕ್ಕ ಅವಧಿಯಲ್ಲಿ, ಒಂದೆರಡು ವಿಷಯಗಳಿಂದ ಓದನ್ನು ಮತ್ತೆ ಶುರುಮಾಡಿ. ಹುಡುಗಿಯರಿಗಂತೂ ಹದಿನೆಂಟು ತಿಂಗಳ ಲೆಕ್ಕ ಸೆಮಿಸ್ಟರ್ ಲೆಕ್ಕಕ್ಕೆ ಹೊಂದುವುದೇ ಕಷ್ಟ. ಜನವರಿಯಲ್ಲಿ ಹೊರಟವಳು ಜುಲೈನಲ್ಲಿ ಬರುತ್ತಾಳೆ.

ಎರಡು ವರ್ಷ ಹಾಳಾಯಿತಾ ಅಂತ ಕೇಳಿದಿರಿ. ಇಲ್ಲ. ಸೆಬುವಾನೊವನ್ನೇ ತೆಗೆದುಕೊಳ್ಳಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಫ್ಲಾಟ್ಸ್ ಎಂಬ ಭಾಷಾ ಪರೀಕ್ಷೆ ನಡೆಸುತ್ತದೆ. ಹೊರಗೆ ಕಲಿತ ಭಾಷೆಗೂ ಅದರಿಂದ ಕ್ರೆಡಿಟ್ ಸಿಗುವ ದಾರಿ ಇದೆ. ಬೇರೆ ಕೆಲವು ಕಾಲೇಜುಗಳೂ ಆ ಅಂಕಗಳನ್ನು ಒಪ್ಪುತ್ತವೆ. ಇದರಿಂದ ಎಷ್ಟು ಕ್ರೆಡಿಟ್ ಕೈಗೆ ಬರುತ್ತದೆ ಅಂತ ತನ್ನ ಸಲಹೆಗಾರರ ಹತ್ತಿರ ಕೂತು ಲೆಕ್ಕ ಹಾಕಲಿ. ಮನೆಯವರು ಹೇಳುವ ‘ಎರಡು ವರ್ಷ’ ಆಗ ಸ್ವಲ್ಪ ಚಿಕ್ಕದಾಗುತ್ತದೆ. ಅವನ ಸುತ್ತಮುತ್ತ ಎಷ್ಟೋ ಜನ ಇದೇ ದಾರಿಯಲ್ಲಿ ಬಂದವರು ಅನ್ನುವುದನ್ನೂ ಅವರು ಮರೆಯಬಾರದು. 2012ರ ಅಕ್ಟೋಬರ್‌ನಲ್ಲಿ ಮಿಷನ್‌ಗೆ ಹೋಗಲು ಹುಡುಗರ ಕನಿಷ್ಠ ವಯಸ್ಸು ಹತ್ತೊಂಬತ್ತರಿಂದ ಹದಿನೆಂಟಕ್ಕೆ, ಹುಡುಗಿಯರದು ಇಪ್ಪತ್ತೊಂದರಿಂದ ಹತ್ತೊಂಬತ್ತಕ್ಕೆ ಇಳಿಯಿತು. ಆಗ ಹೊರಟವರ ಸಂಖ್ಯೆ ಎಷ್ಟು ಏರಿತೆಂದರೆ, ಯೂಟಾದ ಕಾಲೇಜುಗಳಲ್ಲಿ ಮರುವರ್ಷ ದಾಖಲಾತಿಯೇ ಕುಸಿಯಿತು. ಇಪ್ಪತ್ತನಾಲ್ಕಕ್ಕೆ ಡಿಗ್ರಿ ಮುಗಿಸುವುದು ಆ ಊರಿನಲ್ಲಿ ತಡ ಅಲ್ಲವೇ ಅಲ್ಲ.

ಆದರೆ ಮಿಷನ್ ಮಾಡಿದವನಿಗೆ ಯಾವುದೂ ಕಷ್ಟವಲ್ಲ ಅಂತ ಮಾತ್ರ ಅವನಿಗೆ ಹೇಳಬೇಡಿ. ಚರ್ಚ್‌ನಲ್ಲಿ, ಮನೆಯಲ್ಲಿ ಆ ಮಾತನ್ನು ಸಾಕಷ್ಟು ಕೇಳಿರುತ್ತಾನೆ. ಮಿಷನ್ ಮಾಡಿಯೂ ಸೋತೆನಲ್ಲ ಅನ್ನುವ ನಾಚಿಕೆ ಅದರಿಂದಲೇ ಹುಟ್ಟುವುದು. ಬೇಗ ಮದುವೆ ಆಗು ಅನ್ನುವ ಒತ್ತಡವೂ ಅಲ್ಲಿ ಇದೆ. ಅವಧಿಗೆ ಮೊದಲೇ ಮನೆಗೆ ಮರಳಿದವರ ಪಾಡು ಇನ್ನೂ ಕಷ್ಟ. ಕಾಯಿಲೆಗೋ ಮನಸ್ಸಿನ ನೋವಿಗೋ ಬಂದವರನ್ನು ಭಾನುವಾರ ಸಿಕ್ಕವರೆಲ್ಲ ಯಾಕೆ ಬಂದೆ ಅಂತ ಕೇಳುತ್ತಾರೆ. ಅಂಥವರು ನಿಮ್ಮ ಹತ್ತಿರ ಪಾಠಕ್ಕೆ ಬಂದರೆ ಆ ಪ್ರಶ್ನೆಯನ್ನು ನೀವಂತೂ ಕೇಳಬೇಡಿ.

ಅವನ ಹಳೇ ಅಭ್ಯಾಸಗಳನ್ನು ಉಪಯೋಗಿಸಿಕೊಳ್ಳಿ. ವಾರದ ಯೋಜನೆ ಬರೆಯುವುದು ಅವನಿಗೆ ಗೊತ್ತಿದೆ. ಗಣಿತಕ್ಕೆ ದಿನಾ ಒಂದೇ ಹೊತ್ತು, ಒಂದೇ ಮೇಜು ಗೊತ್ತುಮಾಡಿ. ಓದಲು ಒಬ್ಬ ಜೊತೆಗಾರನನ್ನು ಹುಡುಕಿಕೊಡಿ. ಮಿಷನ್‌ನಿಂದ ಬಂದವನೇ ಆಗಬೇಕಿಲ್ಲ, ಆಗದಿದ್ದರೆ ಇನ್ನೂ ಒಳ್ಳೆಯದು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಅಳು ನಿಲ್ಲುತ್ತಿಲ್ಲ ಅಂದರೆ ಮಾತ್ರ ಇದು ಪಾಠ ಹೇಳುವವರ ಕೈಯಲ್ಲಿ ಇರುವ ವಿಷಯ ಅಲ್ಲ. ಕಾಲೇಜಿನ ಆಪ್ತಸಮಾಲೋಚಕರ ಬಾಗಿಲವರೆಗೆ ನೀವೇ ಜೊತೆಯಲ್ಲಿ ನಡೆದು ಹೋಗಿ.

ಕೊನೆಗೆ ಆ ಕೆಲಸದ ಪ್ರಶ್ನೆ. ಪ್ರೊವೊದಲ್ಲಿರುವ ಮಿಷನರಿ ತರಬೇತಿ ಕೇಂದ್ರದಲ್ಲಿ ಮಿಷನ್ ಮುಗಿಸಿ ಬಂದ ವಿದ್ಯಾರ್ಥಿಗಳು ಅರೆಕಾಲಿಕವಾಗಿ ಭಾಷೆ ಕಲಿಸುತ್ತಾರೆ. ಅವನ ಸೆಬುವಾನೊ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಯಾರಿಗೋ ಬೇಕಾಗಿದ್ದೇನೆ ಅನ್ನುವ ನೆಮ್ಮದಿಯೂ ಸಿಗುತ್ತದೆ. ಸೇರಲಿ, ಆದರೆ ಈಗಲೇ ಬೇಡ. ಈಗ ಸೇರಿದರೆ ಮನಸ್ಸು ಪೂರ್ತಿ ಅಲ್ಲೇ ಉಳಿಯುತ್ತದೆ, ಓದು ಇನ್ನಷ್ಟು ಬೇಡವಾಗುತ್ತದೆ. ಈ ಸೆಮಿಸ್ಟರ್ ಹನ್ನೆರಡು ಕ್ರೆಡಿಟ್‌ನಲ್ಲಿ ಮುಗಿಯಲಿ, ಸ್ಪ್ರಿಂಗ್‌ನಲ್ಲಿ ಕ್ಯಾಲ್ಕುಲಸ್ ಎರಡು ಪಾಸಾಗಲಿ. ಆಮೇಲೆ ಅರ್ಜಿ ಹಾಕಲಿ, ಬೇಕಾದರೆ ನೀವೇ ಶಿಫಾರಸು ಪತ್ರ ಬರೆದುಕೊಡಿ.

— ಸಂ.